ಸ್ಟಾಕ್‌ಹೋಮ್ ಡೆತ್ ಮೆಟಲ್‌ನ ಗರಗಸದ ಸದ್ದು: ತಂತಿಯಿಂದ ಮೈಕ್‌ವರೆಗೆ

ಎಂಬತ್ತರ ದಶಕದ ಕೊನೆಗೆ, ಹೆವಿ ಮೆಟಲ್‌ನ ಅತಿ ಉಗ್ರ ಕವಲಾದ ಡೆತ್ ಮೆಟಲ್‌ಗೆ ಎರಡು ತವರುಮನೆಗಳಿದ್ದವು. ಒಂದು ಫ್ಲಾರಿಡಾದ ಟ್ಯಾಂಪಾ, ಅಲ್ಲಿನ ಮಾರಿಸೌಂಡ್ ಸ್ಟುಡಿಯೋ. ಇನ್ನೊಂದು ಸ್ವೀಡನ್ನಿನ ಸ್ಟಾಕ್‌ಹೋಮ್, ಅಲ್ಲಿ ತೋಮಾಸ್ ಸ್ಕೋಗ್ಸ್‌ಬರ್ಗ್ ನಡೆಸುತ್ತಿದ್ದ ಸನ್‌ಲೈಟ್ ಸ್ಟುಡಿಯೋ. ಟ್ಯಾಂಪಾದ ಗಿಟಾರ್ ಬಿಗಿ, ಒಣ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಸ್ಟಾಕ್‌ಹೋಮ್‌ನ ಗಿಟಾರ್ ಮರ ಕೊಯ್ಯುವ ಗರಗಸದ ಹಾಗೆ ಒಂದೇ ಉಸಿರಿನಲ್ಲಿ ಕೊರೆಯುತ್ತದೆ. ಹೆವಿ ಸಂಗೀತದಲ್ಲಿ ಎರಡೇ ಸೆಕೆಂಡಿಗೆ ಊರಿನ ಹೆಸರು ಹೇಳಿಬಿಡಬಹುದಾದ ಗಿಟಾರ್ ಸದ್ದು ನನ್ನ ಮಟ್ಟಿಗೆ ಇದೊಂದೇ.

ಈ ಸದ್ದಿನ ಮೂಲ ನಿಹಿಲಿಸ್ಟ್ ಎಂಬ ಹುಡುಗರ ಬ್ಯಾಂಡ್. ಬಾಸ್ ಕಂಪನಿಯ ಎಚ್‌ಎಂ-2 ಪೆಡಲ್‌ನ (ಗಿಟಾರ್ ಮತ್ತು ಆ್ಯಂಪ್ ನಡುವೆ ಕೂರುವ, ಕಾಲಿನಿಂದ ಒತ್ತಿ ಸದ್ದು ಬದಲಿಸುವ ಡಬ್ಬಿ) ನಾಲ್ಕೂ ನಾಬ್‌ಗಳನ್ನು ಪೂರ್ತಿ ಬಲಕ್ಕೆ ತಿರುಗಿಸಿ ನುಡಿಸುವ ಪದ್ಧತಿಯ ಶ್ರೇಯಸ್ಸು ಅದರ ಗಿಟಾರಿಸ್ಟ್ ಲೇಫ್ ಕುಜ್ನರ್‌ಗೆ ಸಲ್ಲುತ್ತದೆ. ನಿಹಿಲಿಸ್ಟ್ 1989ರಲ್ಲಿ ಒಡೆದು ಎಂಟೂಂಬ್ಡ್ ಹುಟ್ಟಿತು. ಅದರ ಮೊದಲ ಆಲ್ಬಂ 'ಲೆಫ್ಟ್ ಹ್ಯಾಂಡ್ ಪಾತ್' 1990ರಲ್ಲಿ ಬಂತು, ಅದೇ ಊರಿನ ಇನ್ನೊಂದು ಬ್ಯಾಂಡ್ ಡಿಸ್‌ಮೆಂಬರ್‌ನ 'ಲೈಕ್ ಆ್ಯನ್ ಎವರ್ ಫ್ಲೋಯಿಂಗ್ ಸ್ಟ್ರೀಮ್' 1991ರಲ್ಲಿ. ಎರಡೂ ಸನ್‌ಲೈಟ್‌ನಲ್ಲೇ ಆದವು. 1983ರಲ್ಲಿ ಶುರುವಾಗಿದ್ದ ಎಚ್‌ಎಂ-2 ತಯಾರಿಕೆಯನ್ನು ಬಾಸ್ ನಿಲ್ಲಿಸಿದ್ದೂ 1991ರಲ್ಲೇ.

ಪೆಡಲ್ ಕೊಂಡು ನಾಲ್ಕು ನಾಬ್ ತಿರುಗಿಸಿದರೆ ಕೆಲಸ ಮುಗಿಯಿತು ಎಂದುಕೊಂಡವರಿಗೆ ಸಿಗುವುದು ಬರೀ ಜೇನುನೊಣದ ಗುಂಯ್‌ಗುಟ್ಟುವಿಕೆ. ಎಚ್‌ಎಂ-2 ಡಿಸ್ಟಾರ್ಷನ್ ಪೆಡಲ್, ಅಂದರೆ ಸದ್ದನ್ನು ಒರಟಾಗಿ ಒಡೆಯುವ ಪೆಡಲ್ ಎಂದು ಮಾರಾಟವಾಯಿತು ನಿಜ, ಆದರೆ ಬಳಸುವಾಗ ಅದನ್ನು ಈಕ್ವಲೈಸರ್, ಅಂದರೆ ಸದ್ದಿನ ಬೇರೆ ಬೇರೆ ಭಾಗಗಳನ್ನು ಏರಿಸಿ ಇಳಿಸುವ ಸಾಧನ ಎಂದು ಭಾವಿಸಿ. ಮುಂದಿನದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಪೆಡಲ್ ಒಳಗೆ ನಡೆಯುವುದು

ಲೆವೆಲ್ ಮತ್ತು ಡಿಸ್ಟ್ ನಾಬ್‌ಗಳ ನಡುವೆ 'ಕಲರ್ ಮಿಕ್ಸ್' ಎಂಬ ಜೋಡಿಯಿದೆ, ಎಲ್ ಮತ್ತು ಎಚ್. ಎಲ್ ಸುಮಾರು 87 ಹರ್ಟ್ಸ್ ಸುತ್ತಲಿನ ಭಾಗವನ್ನು ಎತ್ತುತ್ತದೆ. ಎಚ್ ಒಂದಲ್ಲ, ಎರಡು ಶಿಖರಗಳನ್ನು ಎತ್ತುತ್ತದೆ: ಸುಮಾರು 960 ಹರ್ಟ್ಸ್ ಒಂದು, 1,280 ಹರ್ಟ್ಸ್ ಇನ್ನೊಂದು. ಆ ಕಾಲದ ಮೆಟಲ್ ಗಿಟಾರಿಸ್ಟ್‌ಗಳು ಮಿಡ್ ಅನ್ನು (ಸದ್ದಿನ ನಡುಭಾಗವನ್ನು) ಕೆರೆದು ತೆಗೆಯುತ್ತಿದ್ದರು. ಈ ಪೆಡಲ್ ಅದೇ ಮಿಡ್‌ನ ನಟ್ಟನಡುವೆ ಎರಡು ಗೂಟ ಹೊಡೆಯುತ್ತದೆ. ಗರಗಸದ ಹಲ್ಲು ಇರುವುದು ಅಲ್ಲಿ. ಆದ್ದರಿಂದ ಎಚ್ ನಾಬ್ ಪೂರ್ತಿ ಬಲಕ್ಕಿರಲೇಬೇಕು, ಅದರಲ್ಲಿ ರಾಜಿಯಿಲ್ಲ. ಅರ್ಧಕ್ಕೆ ಇಟ್ಟರೆ ಮಾಮೂಲಿ ಡಿಸ್ಟಾರ್ಷನ್ ಪೆಡಲ್ ಒಂದು ಉಳಿಯುತ್ತದೆ, ಅದೂ ಅಷ್ಟೇನೂ ಒಳ್ಳೆಯದಲ್ಲ.

ಡಿಸ್ಟಾರ್ಷನ್ ವಿಭಾಗದಲ್ಲಿ ಸಿಗ್ನಲ್ ಹಾದಿಗೆ ಅಡ್ಡವಾಗಿ ಜರ್ಮೇನಿಯಂ ಡಯೋಡ್‌ಗಳು ಕೂತಿವೆ. ಸಣ್ಣ ಸಿಗ್ನಲ್ ಅವುಗಳನ್ನು ದಾಟುವುದು ಕಷ್ಟ. ಸ್ವರ ಆರುವಾಗ ಬಾಲ ನಯವಾಗಿ ಕರಗದೆ ಚರಚರ ಎಂದು ಹರಿದು ನಿಲ್ಲುವುದು ಇದರಿಂದ. ಪೆಡಲ್ ಕೆಟ್ಟಿದೆಯೇನೋ ಎಂದು ವಾಪಸ್ ಕೊಡಬೇಡಿ, ಆ ಹರಿತ ಬೇಕಾದದ್ದೇ.

ಯಾವ ಪೆಡಲ್

ಹಳೆಯ ಬಾಸ್ ಎಚ್‌ಎಂ-2 ಈಗ ಸಂಗ್ರಹಕಾರರ ವಸ್ತು, ಬೆಲೆಯೂ ಹಾಗೇ ಏರಿದೆ. ಜಪಾನಿನಲ್ಲಿ ಮಾಡಿದ್ದು ಮೇಲು, ತೈವಾನಿನದು ಕೀಳು ಎಂಬ ಮಾತಿಗೆ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ಬ್ಯಾಂಡ್ ಜೊತೆ ನುಡಿಸುವಾಗ ಆ ವ್ಯತ್ಯಾಸ ಮುಳುಗಿಹೋಗುತ್ತದೆ. 2020ರಲ್ಲಿ ಬಾಸ್ ತಂದ ಎಚ್‌ಎಂ-2ಡಬ್ಲ್ಯೂನಲ್ಲಿ ಸ್ಟ್ಯಾಂಡರ್ಡ್, ಕಸ್ಟಮ್ ಎಂಬ ಎರಡು ಮೋಡ್‌ಗಳಿವೆ. ಸ್ಟಾಕ್‌ಹೋಮ್ ಸದ್ದಿಗೆ ಸ್ಟ್ಯಾಂಡರ್ಡ್ ಸಾಕು. ಕೈಯಲ್ಲಿ ಕಾಸು ಕಡಿಮೆಯಿದ್ದರೆ ಬೆರಿಂಜರ್ ಎಚ್‌ಎಂ300 ತೆಗೆದುಕೊಳ್ಳಿ. ಡಬ್ಬಿ ಪ್ಲಾಸ್ಟಿಕ್, ವೇದಿಕೆಯ ಮೇಲೆ ಜೋರಾಗಿ ತುಳಿದರೆ ಬಾಳುವುದಿಲ್ಲ, ಆದರೆ ಒಳಗಿನ ಸದ್ದು ಮೂಲಕ್ಕೆ ತೀರಾ ಹತ್ತಿರ. ಟಿಸಿ ಎಲೆಕ್ಟ್ರಾನಿಕ್‌ನ ಐಮಾಸ್ಟರ್‌ನಲ್ಲಿ ಎರಡೇ ನಾಬ್. ಈಕ್ವಲೈಸರ್ ಒಳಗೇ ಪೂರ್ತಿ ಏರಿಸಿ ಕೂರಿಸಿದ್ದಾರೆ. ಹಾಳುಮಾಡಲು ಅವಕಾಶವೇ ಇಲ್ಲದ ಕಾರಣ ಹೊಸಬರಿಗೆ ಅದನ್ನೇ ಹೇಳುತ್ತೇನೆ.

ಹಳೆಯ ಪೆಡಲ್ ಕೊಂಡರೆ ಕೆಳಗಿನ ಲೇಬಲ್ ನೋಡಿ. ಎಸಿಎ ಅಡಾಪ್ಟರ್ ಎಂದು ಬರೆದಿದ್ದರೆ ಅದು ಹಳೆಯ ಮಾದರಿಯ, ವೋಲ್ಟೇಜ್ ಹೆಚ್ಚಿರುವ ಅಡಾಪ್ಟರಿಗೆ ಮಾಡಿದ್ದು. ಈಗಿನ 9 ವೋಲ್ಟ್ ಅಡಾಪ್ಟರನ್ನು ನೇರ ಚುಚ್ಚಿದರೆ ದೀಪ ಮಂಕಾಗುತ್ತದೆ, ಸದ್ದು ಸೊರಗುತ್ತದೆ. 9 ವೋಲ್ಟ್ ಬ್ಯಾಟರಿ ಹಾಕಿದರೆ ಸಮಸ್ಯೆ ಇಲ್ಲ.

ತಂತಿ ಮತ್ತು ಟ್ಯೂನಿಂಗ್

ಬಿ ಸ್ಟ್ಯಾಂಡರ್ಡ್‌ಗೆ ಇಳಿಸಿ: ದಪ್ಪ ತಂತಿಯಿಂದ ಬಿ, ಇ, ಎ, ಡಿ, ಎಫ್ ಶಾರ್ಪ್, ಬಿ. ಮಾಮೂಲಿ ಟ್ಯೂನಿಂಗ್‌ಗಿಂತ ಐದು ಅರ್ಧಸ್ವರ ಕೆಳಗೆ. ಕೆಳಗಿನ ಬಿ ಸುಮಾರು 62 ಹರ್ಟ್ಸ್, ಅದರ ಮೇಲೆ ಹಿಡಿಯುವ ಎಫ್ ಶಾರ್ಪ್ 92.5 ಹರ್ಟ್ಸ್. ಅಂದರೆ ಖಾಲಿ ತಂತಿಯ ಮೇಲೆ ಈ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸುವ ಪವರ್ ಕಾರ್ಡ್ ಬಾರಿಸಿದಾಗ ಎಲ್ ನಾಬ್‌ನ 87 ಹರ್ಟ್ಸ್ ಶಿಖರ ಈ ಎರಡರ ನಡುವೆ, ಎಫ್ ಶಾರ್ಪ್‌ಗೆ ಒತ್ತಿಕೊಂಡಂತೆ ಕೂರುತ್ತದೆ. ಟ್ಯೂನಿಂಗ್ ಮತ್ತು ಪೆಡಲ್ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದರ ಒಂದು ಕಾರಣ ಇದು. ಮಾಮೂಲಿ ಇ ಟ್ಯೂನಿಂಗ್‌ನಲ್ಲಿ ಇದೇ ಪೆಡಲ್ ಚಿರುಗುಟ್ಟುತ್ತದೆ.

10–46 ತಂತಿ ಸೆಟ್‌ನಲ್ಲಿ (ಗೇಜ್ ಎಂದರೆ ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗಗಳಲ್ಲಿ) ಇದನ್ನು ಮಾಡಲು ಹೋಗಬೇಡಿ. 25.5 ಇಂಚಿನ ಸ್ಕೇಲ್‌ನ (ಕಂಪಿಸುವ ತಂತಿಯ ಉದ್ದದ) ಗಿಟಾರಿನಲ್ಲಿ 46 ಗೇಜ್ ತಂತಿಯನ್ನು ಬಿ ಸ್ವರಕ್ಕೆ ಇಳಿಸಿದರೆ ಉಳಿಯುವ ಎಳೆತ ಸುಮಾರು 4.5 ಕಿಲೋ. ಜೋರಾಗಿ ಬಾರಿಸಿದ ತಕ್ಷಣ ಶ್ರುತಿ ಮೇಲಕ್ಕೆ ಜಾರಿ ಮತ್ತೆ ಇಳಿಯುತ್ತದೆ. ಪೆಡಲ್ ಆ ಜಾರುವಿಕೆಯನ್ನು ಎತ್ತಿ ತೋರಿಸುತ್ತದೆ. 60 ಗೇಜ್ ಹಾಕಿದರೆ ಎಳೆತ ಸುಮಾರು 7.5 ಕಿಲೋ, ಕೈಗೆ ಮಾಮೂಲಿ ಎನಿಸುವಷ್ಟು. 12–60 ಸೆಟ್ ಒಳ್ಳೆಯದು. ಸ್ಕೇಲ್ 24.75 ಇಂಚಿದ್ದರೆ 62ರವರೆಗೂ ಹೋಗಬಹುದು.

ದಪ್ಪ ತಂತಿ ಹಾಕಿದ ಮೇಲೆ ಮೂರು ಕೆಲಸ. ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ನಟ್‌ನ ಹಳ್ಳದಲ್ಲಿ 60 ಗೇಜ್ ಕೂರುವುದಿಲ್ಲ. ಟ್ಯೂನ್ ಮಾಡುವಾಗ ಟಿಣ್ ಎಂದು ಸದ್ದು ಬಂದರೆ ತಂತಿ ಸಿಕ್ಕಿಕೊಂಡಿದೆ ಎಂದರ್ಥ. ನಟ್ ಫೈಲ್ ಇಲ್ಲದಿದ್ದರೆ ಹಳೆಯ ದಪ್ಪ ತಂತಿಯೊಂದಕ್ಕೆ 400 ಗ್ರಿಟ್ ಉಜ್ಜುಕಾಗದ ಸುತ್ತಿ ಹಳ್ಳವನ್ನು ಅಗಲ ಮಾಡಿ. ಅಗಲ ಮಾತ್ರ, ಆಳ ಬೇಡ. ಆಳವಾದರೆ ಖಾಲಿ ತಂತಿ ಮೊದಲ ಫ್ರೆಟ್‌ಗೆ ತಗಲಿ ಝೇಂಕರಿಸುತ್ತದೆ, ಆಮೇಲೆ ನಟ್ ಬದಲಿಸುವುದೊಂದೇ ದಾರಿ. ಎರಡನೆಯದು ಇಂಟೊನೇಷನ್, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿಯಿರುವಂತೆ ಮಾಡುವುದು: ಆರನೇ ತಂತಿ ಬ್ರಿಡ್ಜ್‌ನಲ್ಲಿ ಒರಗುವ ಸ್ಯಾಡಲ್ ಹಿಂದಕ್ಕೆ ಬರಬೇಕು. ಸ್ಕ್ರೂ ಮುಗಿದರೂ ಸಾಲದಿದ್ದರೆ ಒಳಗಿನ ಸ್ಪ್ರಿಂಗ್ ತೆಗೆಯಿರಿ, ಇನ್ನೂ ಒಂದೆರಡು ಮಿಲಿಮೀಟರ್ ಸಿಗುತ್ತದೆ. ಮೂರನೆಯದು ಕುತ್ತಿಗೆಯ ಬಾಗು. ಕುತ್ತಿಗೆಯೊಳಗಿನ ಕಬ್ಬಿಣದ ಸರಳಾದ ಟ್ರಸ್ ರಾಡ್ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಸ್ಪ್ರಿಂಗ್ ಮೇಲೆ ತೂಗುವ ಫ್ಲಾಯ್ಡ್ ರೋಸ್ ಬ್ರಿಡ್ಜ್ ಇರುವ ಗಿಟಾರನ್ನು ಈ ಕೆಲಸಕ್ಕೆ ಬಳಸದಿದ್ದರೆ ಅರ್ಧ ತಲೆನೋವು ಕಡಿಮೆ.

ಪಿಕಪ್ ಬ್ರಿಡ್ಜ್ ಬದಿಯ ಹಂಬಕರ್ (ಜೋಡಿ ಸುರುಳಿಯದು), ಮಧ್ಯಮ ಔಟ್‌ಪುಟ್ ಇದ್ದರೆ ಸಾಕು.

ಆ್ಯಂಪ್

ಇಲ್ಲಿ ಎರಡು ಹಾದಿ, ಬೆರೆಸಬೇಡಿ.

ಮೊದಲನೆಯದು ಹಳೆಯ ಹಾದಿ. ಆ್ಯಂಪ್ ಕ್ಲೀನ್, ಅಂದರೆ ತಾನಾಗಿ ಡಿಸ್ಟಾರ್ಟ್ ಆಗದಂತೆ; ಪೆಡಲ್‌ನ ನಾಲ್ಕೂ ನಾಬ್ ಪೂರ್ತಿ ಬಲಕ್ಕೆ. ಸಾಲಿಡ್ ಸ್ಟೇಟ್ ಆ್ಯಂಪ್ ಆದರೂ ಚಿಂತೆಯಿಲ್ಲ. ಈ ಸದ್ದು ಸಣ್ಣ ಪೀವಿ ಅಭ್ಯಾಸದ ಆ್ಯಂಪ್‌ನಿಂದ ಶುರುವಾದದ್ದು. ಬೇಸ್ 4, ಮಿಡ್ 6 ಅಥವಾ 7, ಟ್ರೆಬಲ್ 4, ಪ್ರೆಸೆನ್ಸ್ ಇದ್ದರೆ 2. ಆ್ಯಂಪ್‌ನ ಮಿಡ್ ಇಳಿಸಿದರೆ ಪೆಡಲ್ ಕಟ್ಟಿದ್ದನ್ನು ನೀವೇ ಕೆಡವಿದಂತೆ.

ಎರಡನೆಯದು ಪಂಕ್‌ನ ಬಿರುಸಿನ ಕವಲಾದ ಹಾರ್ಡ್‌ಕೋರ್‌ನ ಈಗಿನ ಬ್ಯಾಂಡ್‌ಗಳ ಹಾದಿ. ಕನ್ವರ್ಜ್ ಬ್ಯಾಂಡಿನ ಗಿಟಾರಿಸ್ಟ್ ಕರ್ಟ್ ಬಲೂ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿರುವ ತನ್ನ ಗಾಡ್‌ಸಿಟಿ ಸ್ಟುಡಿಯೋದಲ್ಲಿ ನೇಲ್ಸ್, ಟ್ರ್ಯಾಪ್ ದೆಮ್, ಬ್ಲ್ಯಾಕ್ ಬ್ರೆತ್ ಬ್ಯಾಂಡ್‌ಗಳನ್ನು ರೆಕಾರ್ಡ್ ಮಾಡಿ ಈ ಸದ್ದಿಗೆ ಮರುಜೀವ ಕೊಟ್ಟ. ಇಲ್ಲಿ ಆ್ಯಂಪ್‌ನ ಸದ್ದು ತಾನೇ ಚೆನ್ನಾಗಿ ಹರಿದಿರುತ್ತದೆ, ಅಂದರೆ ಡಿಸ್ಟಾರ್ಟ್ ಆಗಿರುತ್ತದೆ; ಪೆಡಲ್‌ನ ಡಿಸ್ಟ್ ಸೊನ್ನೆಯಿಂದ ಕಾಲುಭಾಗದೊಳಗೆ, ಎಚ್ ಪೂರ್ತಿ, ಎಲ್ ಅರ್ಧದಿಂದ ಮುಕ್ಕಾಲು, ಲೆವೆಲ್ ಆ್ಯಂಪನ್ನು ತಳ್ಳುವಷ್ಟು. ಸದ್ದು ಹೆಚ್ಚು ಬಿಗಿ, ಕೈಯ ಹೊಡೆತ ಹೆಚ್ಚು ಕೇಳುತ್ತದೆ.

ಹರಿದ ಆ್ಯಂಪ್‌ಗೆ ನಾಲ್ಕೂ ನಾಬ್ ಏರಿಸಿದ ಪೆಡಲ್ ಜೋಡಿಸುವುದೇ ಎಲ್ಲರೂ ಮಾಡುವ ತಪ್ಪು. 87 ಹರ್ಟ್ಸ್‌ನ ಉಬ್ಬು ಎರಡನೇ ಬಾರಿ ಡಿಸ್ಟಾರ್ಟ್ ಆಗಿ ಎಲ್ಲ ರಿಫ್‌ಗಳೂ (ಹಾಡಿನಲ್ಲಿ ಮರಳಿ ಮರಳಿ ಬರುವ ಗಿಟಾರ್ ತುಣುಕುಗಳು) ಒಂದೇ ಕೆಸರಾಗುತ್ತವೆ, ನುಡಿಸದಿದ್ದಾಗ ಪೆಡಲ್ ತಾನೇ ಕೂಗುತ್ತದೆ.

ನುಡಿಸದಿದ್ದಾಗಿನ ಗಲಾಟೆಯನ್ನು ತಡೆಯುವ ನಾಯ್ಸ್ ಗೇಟ್ ಈ ಪೆಡಲ್ ಆದ ಮೇಲೆ ಇರಲಿ, ಮೊದಲಲ್ಲ. ಗಲಾಟೆ ಹುಟ್ಟುವುದೇ ಪೆಡಲ್‌ನಲ್ಲಿ. ಗೇಟ್‌ಗೂ ಜಗ್ಗದ ಗುಂಯ್ ಸದ್ದು ತಂತಿ ಮುಟ್ಟಿದರೆ ಕಡಿಮೆಯಾಗುತ್ತಿದ್ದರೆ, ಮೊದಲು ಗೋಡೆಯ ಪ್ಲಗ್ ನೋಡಿ. ನಮ್ಮ ಬಾಡಿಗೆ ಮನೆಗಳಲ್ಲಿ ಮೂರು ಪಿನ್‌ನ ಸಾಕೆಟ್ ಇದ್ದರೂ ಅರ್ಥಿಂಗ್ ತಂತಿ ಎಲ್ಲಿಗೂ ಸೇರಿರುವುದಿಲ್ಲ. ಸದ್ದಿಗಿಂತ ಜೀವಕ್ಕೆ ಅಪಾಯ. ಎಲೆಕ್ಟ್ರಿಷಿಯನ್‌ನನ್ನು ಕರೆದು ಸರಿಮಾಡಿಸಿ, ಆಮೇಲೆ ನುಡಿಸಿ.

ಕೈ

ಈ ಪೆಡಲ್ ಪಾಮ್ ಮ್ಯೂಟ್‌ಗೆ ಒಲಿಯುವುದಿಲ್ಲ. ಅಂಗೈ ಊರಿ ಬಾರಿಸಿದಾಗ ಟ್ಯಾಂಪಾ ಬ್ಯಾಂಡ್‌ಗಳಲ್ಲಿ ಟಕ್ ಎಂದು ಕೇಳುವುದು ಇಲ್ಲಿ ಧೊಪ್ ಎಂದು ಉಬ್ಬುತ್ತದೆ. ಮೂರು ಸ್ವರದ ಕಾರ್ಡ್ ಹಿಡಿದರೆ ಸ್ವರಗಳು ಒಂದಕ್ಕೊಂದು ತಿಕ್ಕಿ ಗೊಜ್ಜಾಗುತ್ತವೆ. ಅದಕ್ಕೇ ಈ ಬ್ಯಾಂಡ್‌ಗಳ ರಿಫ್‌ಗಳು ಎರಡು ಸ್ವರದ ಪವರ್ ಕಾರ್ಡ್, ಒಂಟಿ ತಂತಿಯ ಟ್ರೆಮೊಲೊ (ಒಂದೇ ಸ್ವರವನ್ನು ಬಿಡದೆ ವೇಗವಾಗಿ ಮೀಟುವುದು), ನಡುನಡುವೆ ಭಾರವಾಗಿ ಎಳೆಯುವ ನಿಧಾನದ ಭಾಗ, ಇಷ್ಟರಲ್ಲೇ ಕಟ್ಟಿದವು. ಸದ್ದು ರಿಫ್ ಬರೆಸಿದೆ. ನಿಮ್ಮ ಹಳೆಯ ಥ್ರ್ಯಾಶ್ ರಿಫ್‌ಗಳನ್ನು ಈ ಪೆಡಲ್‌ಗೆ ತುರುಕಬೇಡಿ, ಹೊಸದು ಬರೆಯಿರಿ.

ಟ್ರೆಮೊಲೊ ಮಾಡುವಾಗ ಪಿಕ್‌ನ ತುದಿ ಮಾತ್ರ, 2 ಮಿಲಿಮೀಟರಿನಷ್ಟು, ತಂತಿಗೆ ತಾಗಲಿ; 1 ಮಿಲಿಮೀಟರಿಗಿಂತ ದಪ್ಪದ ಪಿಕ್ ಇರಲಿ. ಬಳಸದ ತಂತಿಗಳ ಮೇಲೆ ಎಡಗೈ ತೋರುಬೆರಳು ಸದಾ ಮಲಗಿರಬೇಕು, ಇಲ್ಲವಾದರೆ ಅವೂ ಜೊತೆಗೆ ಕಿರುಚುತ್ತವೆ.

ಡ್ರಮ್ಮರ್ ಪಂಕ್‌ನ ಓಡುವ ತಾಳವಾದ ಡಿ-ಬೀಟ್ ಬಲ್ಲವನಾಗಿರಲಿ. ಇಂಗ್ಲೆಂಡಿನ ಡಿಸ್‌ಚಾರ್ಜ್ ಬ್ಯಾಂಡಿನಿಂದ ಬಂದ ಈ ತಾಳ ಸ್ವೀಡನ್ನಿನ ಆ್ಯಂಟಿ ಸೈಮೆಕ್ಸ್, ಮಾಬ್ 47ನಂಥ ಪಂಕ್ ಬ್ಯಾಂಡ್‌ಗಳ ಕೈಯಲ್ಲಿ ಹದಗೊಂಡಿತು. ಸ್ಟಾಕ್‌ಹೋಮ್‌ನ ಡೆತ್ ಮೆಟಲ್ ಹುಡುಗರು ಅದರ ನೆರಳಲ್ಲೇ ಬೆಳೆದವರು. ಇಡೀ ಹಾಡು ಬರೀ ಬ್ಲಾಸ್ಟ್ ಬೀಟ್ (ಡ್ರಮ್ಮಿನ ಅತಿವೇಗದ ಬಿಡುವಿಲ್ಲದ ಬಡಿತ) ಮೇಲೆ ಓಡಿದರೆ ಈ ಗಿಟಾರ್ ಗಾಳಿಯಲ್ಲಿ ತೇಲುತ್ತದೆ. ಪೆಡಲ್‌ಗೆ ಸಾವಿರಾರು ರೂಪಾಯಿ ಸುರಿದು ಪಂಕ್ ಕೇಳದವರ ಬ್ಯಾಂಡ್‌ಗಳು ಸೊರಗುವುದು ಇಲ್ಲೇ.

ರೆಕಾರ್ಡಿಂಗ್

ಪೆಡಲನ್ನು ನೇರ ಕಂಪ್ಯೂಟರಿನ ಆಡಿಯೋ ಇಂಟರ್‌ಫೇಸ್‌ಗೆ ಚುಚ್ಚಿ ಕೇಳಿ ಗಾಬರಿಯಾಗಬೇಡಿ. ಸ್ಪೀಕರ್ ಸಹಜವಾಗಿ ಕತ್ತರಿಸುವ ಮೇಲಿನ ಕಿರಿಕಿರಿಯೆಲ್ಲ ಹಾಗೇ ಒಳಗೆ ಬಂದಿರುತ್ತದೆ. 12 ಇಂಚಿನ ಸ್ಪೀಕರ್‌ನ ಐಆರ್ ಫೈಲ್, ಅಂದರೆ ಸ್ಪೀಕರ್‌ನ ಗುಣವನ್ನು ಅನುಕರಿಸುವ ಫೈಲ್ ಹಾಕಲೇಬೇಕು. ಮೈಕ್ ಇಟ್ಟು ಮಾಡುವುದಾದರೆ ಎಸ್‌ಎಂ57 ಸಾಕು: ಜಾಲರಿಯಿಂದ 2–3 ಸೆಂಟಿಮೀಟರ್ ದೂರ, ಸ್ಪೀಕರ್ ನಡುವಿನ ಗುಮ್ಮಟ ಮುಗಿದು ಕೋನ್ ಶುರುವಾಗುವ ಅಂಚಿಗೆ ನೇರ.

ಒಂದೇ ರಿಫ್ ಎರಡು ಸಲ ನುಡಿಸಿ ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕಿ. ಒಂದನ್ನೇ ಕಾಪಿ ಮಾಡಿದರೆ ಅಗಲ ಬರುವುದಿಲ್ಲ, ಜೋರಾಗುತ್ತದೆ ಅಷ್ಟೇ. 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ ಬೇಸ್ ಗಿಟಾರಿಗೆ ಬಿಡಿ, 7 ಕಿಲೋಹರ್ಟ್ಸ್ ಮೇಲಿನದನ್ನೂ ಇಳಿಸಿ. ಮೂಗಿನಲ್ಲಿ ಹಾಡಿದಂತೆ ಕೇಳಿದರೆ 1,000ದಿಂದ 1,300 ಹರ್ಟ್ಸ್ ನಡುವೆ 2–3 ಡೆಸಿಬಲ್ ಇಳಿಸಬಹುದು. ಅದಕ್ಕಿಂತ ಹೆಚ್ಚು ಇಳಿಸಿದರೆ ಸ್ಟಾಕ್‌ಹೋಮ್ ಹೋಯಿತು.

ಹೋಲಿಸಿ ಕೇಳಲು

ಗಿಟಾರ್ ಸದ್ದಿನಲ್ಲಿ ಡಿಸ್‌ಮೆಂಬರ್ ಎಂಟೂಂಬ್ಡ್‌ಗಿಂತ ಒಂದು ಮೆಟ್ಟಿಲು ಮೇಲೆ. ಎಂಟೂಂಬ್ಡ್‌ನ ಹಾಡುಗಾರಿಕೆ, ಹಾಡಿನ ಕಟ್ಟಡ ಶ್ರೇಷ್ಠ. ಆದರೆ ಅಷ್ಟು ಕೊಳಕಿನೊಳಗೂ ಸ್ವರಮಾಧುರ್ಯ ಒಡೆದು ಕಾಣುವಂತೆ ನುಡಿಸಿದ್ದು ಡಿಸ್‌ಮೆಂಬರ್. ಕಾರ್ನೇಜ್‌ನ 1990ರ ಒಂದೇ ಆಲ್ಬಂ ಇವೆರಡರ ನಡುವಿನ ಕೊಂಡಿ, ಪಂಕ್ ರಕ್ತ ಹೆಚ್ಚು. ಗ್ರೇವ್ ಬೇಕಾದದ್ದು ನಿಧಾನದ ಭಾಗಗಳಿಗೆ. ತೂಕ ಎಂದರೇನು ಎಂದು ಅವರ 1991ರ ಮೊದಲ ಆಲ್ಬಂ ಕಲಿಸುತ್ತದೆ. ಅನ್‌ಲೀಶ್ಡ್ ಅದೇ ವರ್ಷದ ಮೊದಲ ಆಲ್ಬಮ್ಮನ್ನು ಜರ್ಮನಿಯಲ್ಲಿ ಮಾಡಿತು. ಅದನ್ನು ಕೇಳಿದರೆ ಊರು ಅದೇ ಆದರೂ ಸ್ಟುಡಿಯೋ ಬದಲಾದಾಗ ಏನು ಕಳೆದುಹೋಗುತ್ತದೆ ಎಂಬುದು ತಿಳಿಯುತ್ತದೆ. ಸ್ವೀಡನ್ನಿನ ಇನ್ನೊಂದು ಊರಾದ ಯೋತೆಬೋರಿಯ (ಗೋಥೆನ್‌ಬರ್ಗ್) ಅಟ್ ದ ಗೇಟ್ಸ್ ತನ್ನ 1995ರ ಆಲ್ಬಮ್ಮಿನಲ್ಲಿ ಇದೇ ಪೆಡಲನ್ನು ವೇಗದ, ಬಿಗಿಯಾದ ರಿಫ್‌ಗಳಿಗೆ ಪಳಗಿಸಿತು. ಎರಡನೇ ಹಾದಿ ಹಿಡಿಯುವವರು ಆ ಆಲ್ಬಮ್ಮನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಹೋಲಿಸುವಾಗ ನಿಮ್ಮ ಗಿಟಾರನ್ನು ಒಂಟಿಯಾಗಿ ಆಲ್ಬಂ ಎದುರು ನಿಲ್ಲಿಸಬೇಡಿ. ಆಲ್ಬಮ್ಮಿನಲ್ಲಿ ಗಿಟಾರ್‌ನದು ಎಂದು ನೀವು ಅಂದುಕೊಂಡ ಕೆಳಗಿನ ಗುಡುಗಿನ ಅರ್ಧ ಬೇಸ್ ಗಿಟಾರಿನದು. ಪಿಕ್‌ನಲ್ಲಿ ಬಾರಿಸಿ ಸ್ವಲ್ಪ ಹರಿದ ಬೇಸ್ ಒಂದನ್ನು ಅಡಿಗೆ ಹಾಕಿ, ನಿಮ್ಮದು ಮತ್ತು ಆಲ್ಬಂ ಎರಡರ ಸದ್ದಿನ ಗಟ್ಟಿತನ ಸಮ ಮಾಡಿ, ಆಮೇಲೆ ಕೇಳಿ. ಆಗಲೂ ತೆಳ್ಳಗಿದ್ದರೆ ನಾಬ್ ಮುಟ್ಟುವ ಮೊದಲು ತಂತಿ ಬದಲಿಸಿ. ಜಿಡ್ಡು ಹಿಡಿದ 60 ಗೇಜ್ ತಂತಿಯಲ್ಲಿ ಆ 1 ಕಿಲೋಹರ್ಟ್ಸ್ ಸುತ್ತಲಿನ ಹಲ್ಲಿಗೆ ಬೇಕಾದ ಸರಕೇ ಉಳಿದಿರುವುದಿಲ್ಲ.