ಹಾರ್ನ್ ಪ್ಯಾಡ್ ಬಿಚ್ಚುವ ಮುನ್ನ ಹತ್ತು ನಿಮಿಷ

ಮುಂಬಯಿಯಲ್ಲಿ ಏಸಿ ತಣಿಸದಿದ್ದರೆ ಜನ ಒಂದು ವಾರ ಸಹಿಸಿಕೊಂಡಾರು, ಹಾರ್ನ್ ಸತ್ತರೆ ಮಾತ್ರ ಅದೇ ಸಂಜೆ ಗ್ಯಾರೇಜಿಗೆ ಓಟ. ಅಲ್ಲಿ ಕೈ ಮೊದಲು ಹೋಗುವುದು ಸ್ಟೀರಿಂಗ್ ನಡುವಿನ ಪ್ಯಾಡಿಗೆ. ಕೊನೆಗೆ ಹೋಗಬೇಕಾದ ಜಾಗ ಅದು.

2019ರ ಜುಲೈ 1ರಿಂದ ನಮ್ಮ ದೇಶದ ಪ್ರತಿ ಹೊಸ ಕಾರಿಗೂ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಅದಕ್ಕೂ ಹಿಂದಿನ ಎಷ್ಟೋ ಕಾರುಗಳಲ್ಲೂ ಅದಿದೆ. ಹಾಗಾಗಿ ಹಾರ್ನ್ ಒತ್ತುವ ಆ ಪ್ಯಾಡಿನ ಬೆನ್ನಿಗೇ ಮಡಚಿಟ್ಟ ನೈಲಾನ್ ಚೀಲ, ಅದರ ಹಿಂದೆ ಅನಿಲ ಉಕ್ಕಿಸುವ ಡಬ್ಬಿ, ಆ ಡಬ್ಬಿಗೆ ಕಿಡಿ ಕೊಡುವ ಸಣ್ಣ ಕಡ್ಡಿ ಇರುತ್ತವೆ. ಕಿಡಿ ಹೊತ್ತಿದರೆ ಚೀಲ ಉಬ್ಬಲು ಸುಮಾರು 30 ಮಿಲಿಸೆಕೆಂಡ್ ಸಾಕು. ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಸ್ಪ್ಯಾನರ್ ಹಿಡಿದು ಬಗ್ಗಿದವನ ಮುಖ ಆ ಚೀಲಕ್ಕೆ ಒಂದು ಗೇಣು ದೂರದಲ್ಲಿರುತ್ತದೆ.

ಮೊದಲು ಬಾನೆಟ್ ಎತ್ತಿ

ಹಾರ್ನ್‌ನ ದಾರಿ ಸರಳ. ಪ್ಯಾಡ್ ಒತ್ತಿದಾಗ ಒಳಗಿನ ಎರಡು ಲೋಹದ ತುದಿಗಳು ತಾಗಿ ರಿಲೇ ಎಂಬ ಸ್ವಿಚ್ಚಿಗೆ ಅರ್ತಿಂಗ್ ಸಿಗುತ್ತದೆ. ರಿಲೇ ಬ್ಯಾಟರಿಯ ಕರೆಂಟನ್ನು ಬಂಪರ್ ಹಿಂದಿರುವ ಹಾರ್ನ್‌ಗೆ ಬಿಡುತ್ತದೆ. ಮಳೆಗಾಲದಲ್ಲಿ ಹಿಂದ್‌ಮಾತಾದಲ್ಲೋ ಅಂಧೇರಿ ಸಬ್‌ವೇಯಲ್ಲೋ ನೀರು ಸೀಳಿಕೊಂಡು ಬಂದ ಕಾರಿನಲ್ಲಿ ಮೊದಲು ಹಾಳಾಗುವುದು ಈ ಕೊನೆಯ ತುಂಡು, ಅಂದರೆ ಹಾರ್ನ್ ಮತ್ತು ಅದರ ತಂತಿಯ ಕನೆಕ್ಟರ್. ತುಕ್ಕು ತಿಂದಿರುತ್ತದೆ, ಇಲ್ಲವೇ ಹಸಿರು ಕಿಲುಬು ಕಟ್ಟಿರುತ್ತದೆ.

ಒಬ್ಬರನ್ನು ಒಳಗೆ ಕೂರಿಸಿ ಹಾರ್ನ್ ಒತ್ತಿಸಿ, ನೀವು ಫ್ಯೂಸ್ ಪೆಟ್ಟಿಗೆಯಲ್ಲಿ ಹಾರ್ನ್ ರಿಲೇ ಮೇಲೆ ಬೆರಳಿಡಿ. ‘ಟಿಕ್’ ಎಂದು ಬೆರಳಿಗೆ ತಾಗಿದರೆ ಸ್ಟೀರಿಂಗ್ ಕಡೆ ಎಲ್ಲ ಸರಿ ಇದೆ ಎಂದೇ ಲೆಕ್ಕ. ಆಗ ದೋಷ ರಿಲೇಯಿಂದ ಮುಂದಕ್ಕೆ, ಬಂಪರಿನತ್ತ. ‘ಟಿಕ್’ ಇಲ್ಲದಿದ್ದರೆ ಫ್ಯೂಸ್ ನೋಡಿ, ಅದೇ ನಂಬರಿನ ಬೇರೆ ರಿಲೇ ಅದಲು ಬದಲು ಮಾಡಿ ನೋಡಿ. ರಿಮೋಟ್ ಅಲಾರಂ ಅದೇ ಹಾರ್ನ್ ಬಳಸುವ ಕಾರಾದರೆ ಇನ್ನೊಂದು ಸುಲಭ ಪರೀಕ್ಷೆಯಿದೆ. ಅಲಾರಂ ಕೂಗುತ್ತದೆ, ಪ್ಯಾಡ್ ಒತ್ತಿದರೆ ಮೌನ ಎಂದಾದರೆ ಸಂಶಯ ಸ್ಟೀರಿಂಗ್ ಕಡೆಗೆ ತಿರುಗುತ್ತದೆ. ಈಚಿನ ಕೆಲವು ಕಾರುಗಳಲ್ಲಿ ಹಾರ್ನ್‌ನ ಸಂದೇಶ ರಿಲೇಗೆ ನೇರವಾಗಿ ಹೋಗದೆ ಕಂಪ್ಯೂಟರ್ ಮೂಲಕ ಹೋಗುತ್ತದೆ. ಅಲ್ಲಿ ಆ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಇಲ್ಲದೆ ಊಹೆ ಮಾಡುವುದು ವ್ಯರ್ಥ.

ಸ್ಟೀರಿಂಗ್ ತಿರುಗಿಸುವಾಗ ಹಾರ್ನ್ ಬಿಟ್ಟು ಬಿಟ್ಟು ಕೆಲಸ ಮಾಡುತ್ತಿದ್ದು, ಸ್ಟೀರಿಂಗ್ ಮೇಲಿನ ಆಡಿಯೊ ಗುಂಡಿಗಳೂ ಸತ್ತು, ಮೀಟರಿನಲ್ಲಿ ಏರ್‌ಬ್ಯಾಗ್ ದೀಪವೂ ಉರಿಯುತ್ತಿದ್ದರೆ ಕಳ್ಳ ಬಹುಮಟ್ಟಿಗೆ ಸಿಕ್ಕಿದ ಹಾಗೆ. ಅದು ಕ್ಲಾಕ್ ಸ್ಪ್ರಿಂಗ್. ಕೆಲವು ಗ್ಯಾರೇಜುಗಳು ಸ್ಪೈರಲ್ ಕೇಬಲ್ ಎನ್ನುತ್ತವೆ. ತಿರುಗುವ ಸ್ಟೀರಿಂಗ್ ಚಕ್ರಕ್ಕೂ ತಿರುಗದ ಸ್ಟೀರಿಂಗ್ ಕಂಬಕ್ಕೂ ನಡುವೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಟ್ಟ ಚಪ್ಪಟೆ ರಿಬ್ಬನ್ ತಂತಿ ಅದು. ಹಾರ್ನ್, ಆಡಿಯೊ, ಏರ್‌ಬ್ಯಾಗ್ ಮೂರರ ಕರೆಂಟೂ ಅದೊಂದರಲ್ಲೇ ಹರಿಯುತ್ತದೆ.

ಹಾರ್ನ್ ನಿಲ್ಲದೆ ಕೂಗುತ್ತಿದ್ದರೆ ಗಾಬರಿಯಲ್ಲಿ ಪ್ಯಾಡ್ ಗುದ್ದಬೇಡಿ. ರಿಲೇ ಕಿತ್ತರೆ ಸದ್ದು ನಿಲ್ಲುತ್ತದೆ, ಸೊಸೈಟಿಯ ಸೆಕ್ರೆಟರಿಯೂ ಶಾಂತರಾಗುತ್ತಾರೆ. ಆಮೇಲೆ ಸಾವಧಾನವಾಗಿ ನೋಡಬಹುದು.

ಸಾಮಾನು

ಬ್ಯಾಟರಿಗೆ 10 ಮಿ.ಮೀ. ಸ್ಪ್ಯಾನರ್. ಪ್ಯಾಡ್ ಬೋಲ್ಟಿನದಾದರೆ ಉದ್ದ ಹಿಡಿಕೆಯ ಸ್ಟಾರ್ ಕೀ, ಹೆಚ್ಚಿನ ಕಾರುಗಳಿಗೆ ಟಿ-30. ಕ್ಲಿಪ್ಪಿನದಾದರೆ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಅಥವಾ 5–6 ಮಿ.ಮೀ. ದಪ್ಪದ ನಯವಾದ ಕಂಬಿ. ಕನೆಕ್ಟರಿನ ಬೀಗ ಎತ್ತಲು ಕನ್ನಡಕದ ಸ್ಕ್ರೂ ತಿರುಗಿಸುವಂಥ ಸಣ್ಣ ಡ್ರೈವರ್. ಚಕ್ರವನ್ನೇ ತೆಗೆಯಬೇಕಾದರೆ 17 ಅಥವಾ 19ರ ಗೋಟಿ (ಸಾಕೆಟ್), ಟಾರ್ಕ್ ರೆಂಚ್, ಗುರುತು ಹಾಕಲು ಬಿಳಿ ಮಾರ್ಕರ್. ಗಾಳಿಯ ಇಂಪ್ಯಾಕ್ಟ್ ಗನ್ ಈ ಕೆಲಸದ ಹತ್ತಿರವೂ ಸುಳಿಯಬಾರದು. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುವಲ್ ಕೈಯಲ್ಲಿರಲಿ, ಏಕೆಂದರೆ ಮಾದರಿಯಿಂದ ಮಾದರಿಗೆ ಬೋಲ್ಟಿನ ಜಾಗವೂ ಬಿಗಿಯೂ ಬೇರೆ.

ಬ್ಯಾಟರಿ, ಆಮೇಲೆ ಕಾಯುವುದು

ಮುಂಗಾಲಿಗಳನ್ನು ನೇರ ನಿಲ್ಲಿಸಿ, ಇಗ್ನಿಷನ್ ಆಫ್ ಮಾಡಿ, ಕೀ ತೆಗೆಯಿರಿ. ಆಡಿಯೊಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ, ಚಾಲಕನ ಬದಿಯ ಗಾಜು ಕೆಳಗಿಳಿಸಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ತುದಿಗೆ ಬಟ್ಟೆ ಸುತ್ತಿ, ಮತ್ತೆ ತಾಗದಂತೆ ಬದಿಗೆ ಸರಿಸಿ. ರೇಡಿಯೊದ ನೆನಪು ಅಳಿಯಬಾರದೆಂದು ಸಣ್ಣ ಬ್ಯಾಟರಿಯ ‘ಮೆಮೊರಿ ಸೇವರ್’ ಚುಚ್ಚುವವರಿದ್ದಾರೆ. ಹಾಗೆ ಮಾಡಿದರೆ ಮೈನಸ್ ಬಿಚ್ಚಿದ್ದೇ ದಂಡ.

ಈಗ ಗಡಿಯಾರ ನೋಡಿ. ಅಪಘಾತದಲ್ಲಿ ಬ್ಯಾಟರಿ ಮೊದಲೇ ಕತ್ತರಿಸಿ ಹೋದರೂ ಚೀಲ ಉಬ್ಬಬೇಕಲ್ಲ, ಅದಕ್ಕಾಗಿ ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ಟಿನೊಳಗೆ ಕೆಪಾಸಿಟರುಗಳು ಕರೆಂಟ್ ಕೂಡಿಟ್ಟುಕೊಂಡಿರುತ್ತವೆ. ಅದು ಇಳಿಯಲು ಒಂದು ಕಂಪನಿ 90 ಸೆಕೆಂಡ್ ಎಂದರೆ, ಇನ್ನೊಂದು ಮೂರು ನಿಮಿಷ ಎನ್ನುತ್ತದೆ, ಇನ್ನೂ ಹೆಚ್ಚು ಹೇಳುವವೂ ಇವೆ. ಮ್ಯಾನ್ಯುವಲ್ ಅದಕ್ಕಿಂತ ಹೆಚ್ಚು ಕೇಳದಿದ್ದರೆ ಹತ್ತು ನಿಮಿಷ ಇಟ್ಟುಕೊಳ್ಳಿ. ‘ಬ್ರೇಕ್ ಒತ್ತಿ, ಲೈಟ್ ಹಾಕಿ ಕರೆಂಟ್ ಖಾಲಿ ಮಾಡಿದೆ, ಕಾಯುವುದೇಕೆ’ ಎನ್ನುವ ಮೆಕ್ಯಾನಿಕ್ ಮಾತಿಗೆ ತಲೆದೂಗಬೇಡಿ. ಆ ಕೆಪಾಸಿಟರುಗಳು ಬ್ರೇಕ್ ಲೈಟಿನ ಸರ್ಕೀಟಿಗೆ ಸೇರಿದವಲ್ಲ. ಒಂದು ಕಟಿಂಗ್ ಚಹಾ ಮುಗಿಸಿ ಬನ್ನಿ. ಇಡೀ ಕೆಲಸದಲ್ಲಿ ಜೀವ ಉಳಿಸುವ ಹಂತ ಇದೊಂದೇ, ಎಲ್ಲರೂ ಹಾರಿಸುವುದೂ ಇದನ್ನೇ.

ಹತ್ತಿಯ ಅಂಗಿ ತೊಟ್ಟಿರಿ. ಕೆಲಸಕ್ಕೆ ಕೂರುವ ಮುನ್ನ ಬಣ್ಣವಿಲ್ಲದ ಬರಿ ಲೋಹವನ್ನು ಒಮ್ಮೆ ಮುಟ್ಟಿ, ಮೈಮೇಲಿನ ಸ್ಥಾಯಿ ವಿದ್ಯುತ್ ಇಳಿಯಲಿ. ಮುಂಬಯಿಯ ಜಿಗುಟು ಹವೆಯಲ್ಲಿ ಅದು ಕಡಿಮೆ, ಪುಣೆಯ ಒಣ ಚಳಿಗಾಲದಲ್ಲಿ ಹೆಚ್ಚು.

ಪ್ಯಾಡ್ ಬಿಡಿಸುವುದು

ಚಾಲಕನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಪ್ಯಾಡಿಗೆ ಮುಖ ಕೊಡದೆ ಬದಿಯಲ್ಲಿ ಕುಳಿತು ಕೆಲಸ ಮಾಡಿ.

ಬೋಲ್ಟಿನ ಮಾದರಿಯಲ್ಲಿ ಚಕ್ರದ ಎಡ ಬಲ ಬದಿಗಳಲ್ಲಿ, ಹಲವು ಸಲ ಸಣ್ಣ ಪ್ಲಾಸ್ಟಿಕ್ ಮುಚ್ಚಳಗಳ ಹಿಂದೆ, ಸ್ಟಾರ್ ಬೋಲ್ಟುಗಳಿರುತ್ತವೆ. ಕೆಲವು ಕಾರುಗಳಲ್ಲಿ ಅವು ಪೂರ್ತಿ ಹೊರಗೆ ಬರುವುದೇ ಇಲ್ಲ. ಸಡಿಲವಾಗಿ ತಮ್ಮ ಗೂಡಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಹೊರಗೆ ಬರಲಿಲ್ಲವೆಂದು ತಿರುಗಿಸುತ್ತಲೇ ಇದ್ದರೆ ಹಲ್ಲು ಹೋಗುತ್ತದೆ.

ಕ್ಲಿಪ್ಪಿನ ಮಾದರಿಯಲ್ಲಿ ಚಕ್ರದ ಬೆನ್ನಿಗೆ ಎರಡು ಅಥವಾ ಮೂರು ತೂತುಗಳು. ಕಂಬಿಯನ್ನು ತೂರಿಸಿ ಒಳಗಿನ ಸ್ಪ್ರಿಂಗ್ ತಂತಿಯನ್ನು ಒತ್ತಿದರೆ ಆ ಬದಿ ‘ಚಟ್’ ಎಂದು ಬಿಟ್ಟುಕೊಳ್ಳುತ್ತದೆ. ತೂತು ಕಾಣಲು ಚಕ್ರವನ್ನು ಕಾಲು ಸುತ್ತು ಆಚೀಚೆ ತಿರುಗಿಸಬೇಕಾಗಬಹುದು. ಬ್ಯಾಟರಿ ಬಿಚ್ಚಿರುವುದರಿಂದ ಕೀ ಹಾಕಿ ಸ್ಟೀರಿಂಗ್ ಲಾಕ್ ಬಿಡಿಸಿದರೆ ಅಪಾಯವಿಲ್ಲ. ಪುಷ್ ಬಟನ್ ಕಾರುಗಳಲ್ಲಿ ಕೆಲವಕ್ಕೆ ಲಾಕ್ ಕೂಡ ಕರೆಂಟಿನದೇ. ಅಂಥ ಕಾರು ನಿಮ್ಮದಾದರೆ ಈ ಕೆಲಸ ವರ್ಕ್‌ಶಾಪಿಗೆ ಬಿಡುವುದು ಜಾಣತನ. ಪ್ಯಾಡಿನ ಮುಂಭಾಗದ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟುವುದಂತೂ ಯಾವ ಕಾರಿನಲ್ಲೂ ಬೇಡ. ಉಬ್ಬುವಾಗ ಎಲ್ಲಿ ಹರಿಯಬೇಕೆಂದು ಆ ಮುಚ್ಚಳದ ಒಳಮೈಯಲ್ಲಿ ಗೆರೆ ಕೊರೆದಿರುತ್ತಾರೆ. ಅದಕ್ಕೆ ಪೆಟ್ಟಾದರೆ ಬೇಕಾದಾಗ ಸರಿಯಾಗಿ ತೆರೆದುಕೊಳ್ಳುವ ಭರವಸೆ ಇರುವುದಿಲ್ಲ.

ಪ್ಯಾಡ್ ಸಡಿಲವಾದ ಮೇಲೆ ನಾಲ್ಕೈದು ಬೆರಳಿನಷ್ಟೇ ಮುಂದಕ್ಕೆ ಎಳೆಯಿರಿ, ತಂತಿ ಗಿಡ್ಡ. ಹಿಂದೆ ಹಳದಿ ಕನೆಕ್ಟರ್ ಕಾಣುತ್ತದೆ. ಎರಡು ಹಂತದಲ್ಲಿ ಉಬ್ಬುವ ಏರ್‌ಬ್ಯಾಗಿಗೆ ಅವು ಎರಡು. ನಡುವಿನ ಬೀಗವನ್ನು ಸಣ್ಣ ಡ್ರೈವರಿನಿಂದ ಮೇಲಕ್ಕೆತ್ತಿ, ಆಮೇಲೆ ಕನೆಕ್ಟರಿನ ಮೈ ಹಿಡಿದು ನೇರ ಕೀಳಿ. ತಂತಿ ಹಿಡಿದು ಎಳೆಯಬೇಡಿ. ಕನೆಕ್ಟರ್ ಬೇರೆಯಾದೊಡನೆ ಅದರೊಳಗಿನ ಪುಟ್ಟ ಲೋಹದ ಪಟ್ಟಿ ಎರಡೂ ಪಿನ್ನುಗಳನ್ನು ಒಂದುಗೂಡಿಸಿ, ದಾರಿ ತಪ್ಪಿ ಬಂದ ಕರೆಂಟ್ ಕಿಡಿಯಾಗದಂತೆ ತಡೆಯುತ್ತದೆ. ಅಲ್ಲಿಗೆ ಪಿನ್ನು, ತಂತಿ ಏನನ್ನೂ ತೂರಿಸಬೇಡಿ. ಏರ್‌ಬ್ಯಾಗಿನ ಆ ಎರಡು ಪಿನ್ನುಗಳಿಗೆ ಮಲ್ಟಿಮೀಟರ್ ಹಚ್ಚುವುದು ಎಂದೆಂದಿಗೂ ಬೇಡ. ಮೀಟರೇ ಕರೆಂಟ್ ಕೊಡುತ್ತದೆ. ಹಾರ್ನ್‌ನ ತಂತಿ ಬೇರೆ, ಸಾಮಾನ್ಯವಾಗಿ ಒಂಟಿ. ಅದನ್ನೂ ಬಿಡಿಸಿ.

ಬಿಚ್ಚಿದ ಪ್ಯಾಡನ್ನು ಎತ್ತಿಕೊಂಡು ಹೋಗುವಾಗ ಕಂಪನಿಯ ಚಿಹ್ನೆಯಿರುವ ಮುಖ ನಿಮ್ಮಿಂದಾಚೆಗೆ ಇರಲಿ. ಇಡುವಾಗ ಆ ಮುಖ ಮೇಲಕ್ಕೆ. ಕವುಚಿಟ್ಟದ್ದು ಸಿಡಿದರೆ ಇಡೀ ಘಟಕ ರಾಕೆಟ್ಟಿನಂತೆ ಮೇಲೆ ಹಾರುತ್ತದೆ. ಅದರ ಮೇಲೆ ಸ್ಪ್ಯಾನರ್ ಪೆಟ್ಟಿಗೆ ಇಡಬೇಡಿ, ಬಿಸಿಲಿಗೆ ಬಿಡಬೇಡಿ, ಮಕ್ಕಳು ಆಡುವ ಪಾರ್ಕಿಂಗಿನಲ್ಲಂತೂ ಬೇಡವೇ ಬೇಡ.

ಹಾರ್ನ್‌ನ ರೋಗ

ಬೋಲ್ಟಿನ ಮಾದರಿಗಳಲ್ಲಿ ಹಾರ್ನ್‌ನ ತಾಗುವ ತುದಿಗಳು ಬಹುಪಾಲು ಚಕ್ರದ ಮೇಲಿರುತ್ತವೆ. ಕ್ಲಿಪ್ಪಿನವುಗಳಲ್ಲಿ ಇಡೀ ಪ್ಯಾಡ್ ಸಣ್ಣ ಸ್ಪ್ರಿಂಗುಗಳ ಮೇಲೆ ತೇಲುತ್ತಿರುತ್ತದೆ, ಒತ್ತಿದರೆ ಪ್ಯಾಡೇ ಇಳಿದು ತಾಗುತ್ತದೆ. ಕರಾವಳಿಯ ಉಪ್ಪುಗಾಳಿಗೆ ತುದಿಗಳು ಕಪ್ಪಾಗಿದ್ದರೆ ಚಕ್ರದ ಮೇಲಿನವನ್ನು ನಯವಾದ ಮರಳು ಕಾಗದದಿಂದ ಉಜ್ಜಿ, ಪ್ಯಾಡಿನ ಮೇಲಿನವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ ಅಷ್ಟೇ. ಸ್ಪ್ರೇ ಹೊಡೆಯಬೇಡಿ. ಸ್ಪ್ರಿಂಗ್ ಮುರಿದಿದೆಯೇ, ಪ್ಲಾಸ್ಟಿಕ್ ಗೂಟ ಬಾಗಿದೆಯೇ ನೋಡಿ. ಹಾರ್ನ್ ತಾನಾಗಿ ಕೂಗುವುದಕ್ಕೆ ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಎಲ್ಲ ಚೊಕ್ಕಟವಾಗಿದ್ದರೆ ಹಾರ್ನ್‌ನ ಒಂಟಿ ತಂತಿಯಿಂದ ರಿಲೇ ಸಾಕೆಟ್ಟಿನ ತನಕ ಮಲ್ಟಿಮೀಟರಿನಲ್ಲಿ ಸಂಪರ್ಕ ನೋಡಿ. ಇಲ್ಲವೆಂದರೆ ಕ್ಲಾಕ್ ಸ್ಪ್ರಿಂಗ್ ಹರಿದಿದೆ ಎಂದು ಬಗೆಯಬಹುದು. ಸಂಪರ್ಕವಿದ್ದೂ ಹಾರ್ನ್ ಇಲ್ಲವೆಂದರೆ ಚಕ್ರದ ಲೋಹದಿಂದ ಬಾಡಿಗೆ ಅರ್ತಿಂಗ್ ಇದೆಯೇ ಪರೀಕ್ಷಿಸಿ. ಇದನ್ನು ಮರೆಯುವವರೇ ಹೆಚ್ಚು.

ಕ್ಲಾಕ್ ಸ್ಪ್ರಿಂಗ್ ಬದಲಿಸಬೇಕಾದರೆ

ಚಕ್ರ ತೆಗೆಯಬೇಕು. ಮುಂಗಾಲಿಗಳು ಮತ್ತೆ ನೇರಕ್ಕೆ ಬಂದಿರಲಿ. ಚಕ್ರ ಕೂತಿರುವ ದಂಡಕ್ಕೂ ಚಕ್ರಕ್ಕೂ ಸೇರಿಸಿ ಬಿಳಿ ಗೆರೆ ಎಳೆಯಿರಿ. ನಟ್ ಸಡಿಲಿಸುವಾಗ ಚಕ್ರವನ್ನು ಇನ್ನೊಬ್ಬರು ಕೈಯಲ್ಲಿ ಹಿಡಿಯಲಿ, ಸ್ಟೀರಿಂಗ್ ಲಾಕ್ ಮೇಲೆ ಭಾರ ಹಾಕಿದರೆ ಅದು ಮುರಿಯುತ್ತದೆ. ನಟ್ಟನ್ನು ಪೂರ್ತಿ ತೆಗೆಯದೆ ಮೂರು ನಾಲ್ಕು ಸುತ್ತಿನಷ್ಟು ಹಾಗೇ ಬಿಟ್ಟು ಚಕ್ರವನ್ನು ಆಚೀಚೆ ಅಲುಗಿಸಿ. ಫಟ್ಟನೆ ಕಳಚಿದರೂ ಆಗ ಮೂಗಿಗೆ ಬಡಿಯುವುದಿಲ್ಲ. ಚಕ್ರ ಹಿಡಿದುಕೊಂಡಿದ್ದರೆ ಅದನ್ನು ಎಳೆದು ಬಿಡಿಸುವ ಪುಲ್ಲರ್ ತನ್ನಿ. ದಂಡದ ತುದಿಗೆ ಸುತ್ತಿಗೆ ಏಟು ಕೊಡಬೇಡಿ. ಅಪಘಾತದಲ್ಲಿ ಮಡಚಿಕೊಳ್ಳುವಂತೆ ಮಾಡಿದ ಕಂಬ ಅದು, ಕೆಲವು ಕಾರುಗಳಲ್ಲಿ ಪವರ್ ಸ್ಟೀರಿಂಗಿನ ಸೂಕ್ಷ್ಮ ಸೆನ್ಸರ್ ಕೂಡ ಅಲ್ಲೇ ಇದೆ.

ಹೊಸ ಕ್ಲಾಕ್ ಸ್ಪ್ರಿಂಗ್ ನಡುಮಧ್ಯಕ್ಕೆ ನಿಲ್ಲಿಸಿ, ಪಿನ್ನೋ ಸ್ಟಿಕ್ಕರೋ ಹಾಕಿ ಬಂದಿರುತ್ತದೆ. ಕೂರಿಸುವ ತನಕ ಅದನ್ನು ಕೀಳಬೇಡಿ. ಕಿತ್ತು ತಿರುಗಿಬಿಟ್ಟರೆ ಮೆಲ್ಲಗೆ ಬಲಕ್ಕೆ ತಡೆಯುವವರೆಗೆ ತಿರುಗಿಸಿ, ಒತ್ತಾಯ ಬೇಡ. ಅಲ್ಲಿಂದ ಹಿಂದಕ್ಕೆ ಒಟ್ಟು ಸುತ್ತಿನ ಅರ್ಧ, ಸಾಮಾನ್ಯವಾಗಿ ಎರಡೂವರೆ ಸುತ್ತು, ತಂದು ಬಾಣದ ಗುರುತುಗಳನ್ನು ಹೊಂದಿಸಿ. ರಿಬ್ಬನ್‌ಗೆ ಸುಮಾರು ಐದು ಸುತ್ತಿನ ಅವಕಾಶ, ಚಕ್ರಕ್ಕೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಮಧ್ಯ ತಪ್ಪಿದರೆ ನೇರ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಡೊಂಬಿವಲಿಯ ಕಟ್ಟಡದ ಕೆಳಗೆ ಎರಡು ಕಂಬಗಳ ನಡುವೆ ಕಾರು ನಿಲ್ಲಿಸಲು ಚಕ್ರ ಪೂರ್ತಿ ತಿರುಗಿಸಿದಾಗ ಹೊಸ ರಿಬ್ಬನ್ ಪಟ್ ಎನ್ನುತ್ತದೆ. ಇಎಸ್‌ಪಿ (ಕಾರು ಜಾರದಂತೆ ಹಿಡಿತದಲ್ಲಿಡುವ ವ್ಯವಸ್ಥೆ) ಇರುವ ಕಾರಿನಲ್ಲಿ ಸ್ಟೀರಿಂಗ್ ಕೋನದ ಸೆನ್ಸರನ್ನು ಸ್ಕ್ಯಾನರಿನಿಂದ ಮತ್ತೆ ಹೊಂದಿಸಬೇಕಾಗಬಹುದು.

ಮರುಜೋಡಣೆ

ಗೆರೆಗೆ ಗೆರೆ ಕೂಡಿಸಿ ಚಕ್ರ ಕೂರಿಸಿ. ನಟ್ಟಿನ ಬಿಗಿ ಹಲವು ಕಾರುಗಳಲ್ಲಿ 40–50 ನ್ಯೂಟನ್ ಮೀಟರ್, ಪ್ಯಾಡಿನ ಸ್ಟಾರ್ ಬೋಲ್ಟುಗಳಿಗೆ 8–10. ಆದರೂ ಮ್ಯಾನ್ಯುವಲ್ಲಿನ ಅಂಕಿಯೇ ಅಂತಿಮ. ಹಳದಿ ಕನೆಕ್ಟರ್ ಕೂರಿಸಿ ಬೀಗ ಒತ್ತಿ, ತಂತಿ ಎಲ್ಲೂ ಸಿಕ್ಕಿಕೊಳ್ಳದಂತೆ ನೋಡಿ, ಪ್ಯಾಡ್ ಒತ್ತಿ. ಕ್ಲಿಪ್ಪಿನದಾದರೆ ಪ್ರತಿ ಬದಿಯ ‘ಚಟ್’ ಬೇರೆ ಬೇರೆಯಾಗಿ ಕೇಳಬೇಕು. ಆಮೇಲೆ ಮೈನಸ್ ತಂತಿ.

ಮೊದಲ ಸಲ ಇಗ್ನಿಷನ್ ಆನ್ ಮಾಡುವಾಗ ಕಾರಿನಲ್ಲಿ ಯಾರೂ ಕೂತಿರಬಾರದು. ಬಾಗಿಲ ಹೊರಗೆ ನಿಂತು, ಪ್ಯಾಡಿನ ಎದುರಿಗೆ ಬಾರದೆ ಕೈ ಚಾಚಿ ಕೀ ತಿರುಗಿಸಿ. ಏರ್‌ಬ್ಯಾಗ್ ದೀಪ ಉರಿದು ಐದಾರು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕನೆಕ್ಟರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಕನೆಕ್ಟರ್ ಬಿಚ್ಚಿದ್ದಾಗ ಯಾರೋ ಇಗ್ನಿಷನ್ ಹಾಕಿ ದೋಷದ ಕೋಡ್ ದಾಖಲಾಗಿದೆ. ಅದನ್ನು ಸ್ಕ್ಯಾನರ್ ಅಳಿಸಬೇಕು. ದೀಪ ಉರಿಯಲೇ ಇಲ್ಲವೆಂದರೂ ದೋಷವೇ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಿ, ಸಿಡಿದುಹೋದ ಏರ್‌ಬ್ಯಾಗನ್ನು ಮುಚ್ಚಿಟ್ಟು ದೀಪದ ಬಲ್ಬ್ ಕಿತ್ತು ಮಾರುವವರಿದ್ದಾರೆ.

ಹಳೆಯ ಪ್ಯಾಡ್, ಗುಜರಿ ಪ್ಯಾಡ್

ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲೋ ಪುಣೆಯ ನಾನಾ ಪೇಟೆಯಲ್ಲೋ ಕಾರಿನ ಬಿಡಿಭಾಗ ಹುಡುಕುವುದು ತಪ್ಪಲ್ಲ. ಹಾರ್ನ್, ರಿಲೇ, ಸ್ವಿಚ್ಚು ಧಾರಾಳವಾಗಿ ತನ್ನಿ. ಬಳಸಿದ ಏರ್‌ಬ್ಯಾಗ್ ಮಾತ್ರ ಬೇಡ. ಅದು ನೀರಲ್ಲಿ ಮುಳುಗಿದ ಕಾರಿನದೋ, ಬಿಸಿಲಲ್ಲಿ ವರ್ಷ ಕಳೆದದ್ದೋ ನೋಡಿ ಹೇಳಲಾಗದು. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗುಗಳಲ್ಲಿ ಅಮೋನಿಯಂ ನೈಟ್ರೇಟ್ ಬಳಸಿದ ಇನ್‌ಫ್ಲೇಟರುಗಳು (ಅನಿಲ ಉಕ್ಕಿಸುವ ಡಬ್ಬಿಗಳು) ಸೆಖೆ ಮತ್ತು ತೇವಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡು ಕೆಟ್ಟು, ಸಿಡಿಯುವಾಗ ಲೋಹದ ಚೂರು ಎರಚಿದ್ದರಿಂದಲೇ ಜಗತ್ತಿನಾದ್ಯಂತ ಕಾರುಗಳನ್ನು ವಾಪಸು ಕರೆಸಬೇಕಾಯಿತು. 2017ರಲ್ಲಿ ಕಂಪನಿಯೇ ದಿವಾಳಿಗೆ ಅರ್ಜಿ ಹಾಕಿತು. ಭಾರತದಲ್ಲೂ ಹೊಂಡಾ, ಟೊಯೊಟಾ ಕಾರುಗಳಿಗೆ ಕರೆ ಹೋಗಿತ್ತು. ಸೆಖೆ, ತೇವ ಎರಡೂ ಮುಂಬಯಿ, ಗೋವಾಗಳಲ್ಲಿ ಧಾರಾಳ. ಹಳೆಯ ಕಾರು ಇದ್ದವರು ಪ್ಯಾಡಿಗೆ ಕೈ ಹಾಕುವ ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿಸ್ ನಂಬರ್ ಹಾಕಿ ನೋಡಿ. ಕರೆ ಬಾಕಿ ಇದ್ದರೆ ಬದಲಿಸಿಕೊಡುವುದು ಕಂಪನಿಯ ಖರ್ಚಿನಲ್ಲೇ.

ಬದಲಿಸಿದ ಹಳೆಯ ಪ್ಯಾಡ್ ಸಿಡಿಯದೆ ಉಳಿದಿದ್ದರೆ ಅದು ಇನ್ನೂ ಜೀವಂತ. ಭಂಗಾರ್‌ನವನ (ಗುಜರಿಯವನ) ತಕ್ಕಡಿಗೆ ಹಾಕಿದರೆ ನಾಳೆ ಅದನ್ನು ಸುತ್ತಿಗೆಯಿಂದ ಒಡೆಯುವವನು ಯಾವುದೋ ಹುಡುಗ. ಕಂಪನಿಯ ಸರ್ವಿಸ್ ಸೆಂಟರಿಗೋ ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೋ, ಒಳಗೇನಿದೆ ಎಂದು ಹೇಳಿಯೇ ಒಪ್ಪಿಸಿ.