ಮದುವೆಯ ಮಾತೆತ್ತದೆ ಮಗುವಿಗೆ ಜೀವನಾಂಶ ಪಡೆದ ಬಗೆ: ನನ್ನ ಅನುಭವ

ಮದುವೆಯಾಗದ ತಾಯಿಯ ಮಗುವಿಗೆ ಜೀವನಾಂಶ ಕೊಡಿಸಬೇಕಾದರೆ ಅರ್ಜಿಯಲ್ಲಿ ಮಗುವೊಂದೇ ಅರ್ಜಿದಾರನಾಗಿರಬೇಕು, ತಾಯಿ ಪಾಲಕಳಾಗಿ ಮಾತ್ರ ಸಹಿ ಹಾಕಬೇಕು ಎಂದು ನಾನು ಹೇಳಿದಾಗ ರಾಯಚೂರಿನ ನಮ್ಮ ವಕೀಲ ಮಿತ್ರರಲ್ಲಿ ಒಪ್ಪಿದವರು ಕಡಿಮೆ. "ಮದುವೀನೇ ಇಲ್ಲಂದ ಮ್ಯಾಲ ಕೇಸು ಎಲ್ಲಿ ನಿಂದರತೈತ್ರಿ?" ಎಂದು ಹಿರಿಯರೊಬ್ಬರು ಕೇಳಿದ್ದರು. ಆ ಅರ್ಜಿ ಈಗ ಮಂಜೂರಾಗಿದೆ, ಮಗುವಿನ ಖಾತೆಗೆ ಹಣವೂ ಬೀಳುತ್ತಿದೆ. ಇಂಥ ಪ್ರಕರಣಗಳು ಬಂದಾಗ ಕೈಚೆಲ್ಲುವ ಕಿರಿಯ ವಕೀಲರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಭಾಗದ ರೂಢಿ ನಿಮಗೆ ಗೊತ್ತು. ಗುಡಿಯಲ್ಲಿ ತಾಳಿ ಕಟ್ಟಿದನೆಂದು ಬರೆದು ತಾಯಿಯನ್ನು ಒಂದನೇ ಅರ್ಜಿದಾರಳನ್ನಾಗಿ, ಮಗುವನ್ನು ಎರಡನೆಯದಾಗಿ ಮಾಡುತ್ತಾರೆ. ಪಾಟೀ ಸವಾಲಿನಲ್ಲಿ ಪೂಜಾರಿ ಯಾರು, ತಿಥಿ ಯಾವುದು, ಫೋಟೊ ಎಲ್ಲಿ ಎಂದು ಕೇಳಿದಾಗ ತಾಯಿ ತಡವರಿಸುತ್ತಾಳೆ, ಮದುವೆ ಸಾಬೀತಾಗುವುದಿಲ್ಲ, ಅವಳ ಮಾತಿನ ಮೇಲಿನ ನಂಬಿಕೆ ಹೋದಾಗ ಮಗುವಿನ ಹಕ್ಕೂ ಅದರೊಂದಿಗೆ ಮುಳುಗುತ್ತದೆ. ಇಂಥ ಮೂರು ನಾಲ್ಕು ಅರ್ಜಿಗಳು ವಜಾ ಆದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಜೀವನಾಂಶ ಕೊಡಿಸುತ್ತಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಾಗಲಿ, ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಾಗಲಿ ಮಗುವಿನ ಹಕ್ಕು ತಾಯಿಯ ಮದುವೆಯನ್ನು ಅವಲಂಬಿಸಿಲ್ಲ. ಇಲ್ಲದ ಮದುವೆಯನ್ನು ಕಟ್ಟಿ ನಿಲ್ಲಿಸುವ ಶ್ರಮವನ್ನು ನಾವೇ ತಲೆಯ ಮೇಲೆ ಹಾಕಿಕೊಳ್ಳುತ್ತೇವೆ.

ಮೊದಲು ನ್ಯಾಯಸಂಹಿತೆಯ 69ನೇ ಕಲಮಿನಡಿ, ಅಂದರೆ ಮದುವೆಯಾಗುವೆನೆಂದು ನಂಬಿಸಿ ದೇಹಸಂಪರ್ಕ ಮಾಡಿದ ಅಪರಾಧಕ್ಕೆ, ದೂರು ಕೊಡಿಸಿದರೆ ಮಗುವಿನ ತಂದೆ ತಾನೇ ಓಡಿ ಬರುತ್ತಾನೆ ಎಂಬ ಸಲಹೆಯನ್ನೂ ಮಿತ್ರರು ಕೊಟ್ಟರು. ಜಾಮೀನು ಸಿಗುವವರೆಗೆ ಓಡಿ ಬರುತ್ತಾನೆ, ನಿಜ. ಆಮೇಲೆ ಊರ ಹಿರಿಯರು ಕೂಡಿ ಛಾಪಾ ಕಾಗದದ ಮೇಲೆ ಒಂದು ಲಕ್ಷವೋ ಒಂದೂವರೆ ಲಕ್ಷವೋ ಬರೆಸುತ್ತಾರೆ, ಅರ್ಧ ಕೊಡುತ್ತಾರೆ, ಮಗುವಿನ ಮಾತು ಅಲ್ಲಿಗೆ ಮುಗಿಯುತ್ತದೆ. ನನ್ನ ಕಕ್ಷಿದಾರಳಿಗೂ ಅದು ಬೇಡವಾಗಿತ್ತು. "ನನಗೇನೂ ಬ್ಯಾಡ್ರಿ ಮೇಡಮ್, ಕೂಸಿನ ರೊಕ್ಕ ಕೂಸಿಗೆ ಬರ್ಲಿ" ಎಂದಳು.

ಆಕೆ, ಮಗುವಿನ ತಂದೆ ಇಬ್ಬರೂ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು, ಒಂದೇ ಬಾಡಿಗೆ ಕೋಣೆಯಲ್ಲಿ ವರ್ಷದಷ್ಟು ಕಾಲ ಇದ್ದರು. ಗರ್ಭಿಣಿಯಾದಾಗ ಆತ ತಂದೆಯ ಹೊಲಕ್ಕೆ, ತುಂಗಭದ್ರಾ ಎಡದಂಡೆ ಕಾಲುವೆಯ ಕಡೆಗೆ, ಹೊರಟುಹೋದ. ಮದುವೆಯಾಗದ ತಾಯಿ ತಾನು ಈಗ ವಾಸಿಸುವ ಊರಿನ ಆಧಾರದ ಮೇಲೆ ಅರ್ಜಿ ಹಾಕಿದರೆ ಈ ಕೋರ್ಟಿಗೆ ಪ್ರಕರಣ ನಡೆಸುವ ಅಧಿಕಾರವಿಲ್ಲ ಎಂಬ ವ್ಯಾಪ್ತಿಯ ತಕರಾರು ಖಚಿತ. ಆದರೆ ಸುರಕ್ಷಾ ಸಂಹಿತೆಯ 145ನೇ ಕಲಮಿನ ಮೂರನೆಯ ಉಪಖಂಡ ಮಗುವಿನ ತಾಯಿಯೊಂದಿಗೆ ಆತ ಕೊನೆಯದಾಗಿ ವಾಸವಿದ್ದ ಸ್ಥಳವನ್ನು ಸ್ಪಷ್ಟವಾಗಿ ಹೇಳುತ್ತದೆ. ಕೋಣೆಯ ಯಜಮಾನಿಯ ಸಾಕ್ಷ್ಯದಿಂದ ವ್ಯಾಪ್ತಿಯೂ ಸಿದ್ಧವಾಯಿತು, ಇಬ್ಬರೂ ಕೂಡಿ ಬಾಳಿದ್ದೂ ಸಿದ್ಧವಾಯಿತು. ಆ ಯಜಮಾನಿಯನ್ನು ಕಟಕಟೆಗೆ ಬರಲು ಹೇಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ನೋಟಿಸು ಜಾರಿಯಾಗುವುದಕ್ಕೇ ತಿಂಗಳುಗಳು ಹಿಡಿದವು. ಬೆಂಗಳೂರಿಗೆ ಗುಳೆ ಹೋಗಿದ್ದಾನೆ ಎಂಬ ಷರಾದೊಂದಿಗೆ ಅದು ಮತ್ತೆ ಮತ್ತೆ ಮರಳುತ್ತಿತ್ತು. ಭತ್ತದ ಕೊಯ್ಲಿನ ಹೊತ್ತಿಗೆ ಕೋರ್ಟಿನ ನೋಟಿಸು ಮುಟ್ಟಿಸುವ ಬೆಲಿಫರನ್ನು ಹೊಲದ ವಿಳಾಸಕ್ಕೇ ಕಳುಹಿಸಿದಾಗ ಸಿಕ್ಕಿದ.

ಡಿಎನ್‌ಎ ಅರ್ಜಿಯ ವಿಷಯದಲ್ಲಿ ಹೆಚ್ಚಿನವರು ಆತುರಪಡುತ್ತಾರೆ. ಮೂಲ ಅರ್ಜಿಯ ಜೊತೆಗೇ ಅದನ್ನು ಹಾಕಿದರೆ, ಇಂಥ ಪರೀಕ್ಷೆಗೆ ಯಾಂತ್ರಿಕವಾಗಿ ಆದೇಶಿಸಲಾಗದು ಎಂಬ ಸುಪ್ರೀಂ ಕೋರ್ಟಿನ 1993ರ ಗೌತಮ್ ಕುಂಡು ತೀರ್ಪನ್ನು ಎದುರಿನವರು ಮುಂದಿಡುತ್ತಾರೆ, ಅರ್ಜಿ ಬೀಳುತ್ತದೆ. ನಾನು ಕಾದೆ. ಆತ ತಕರಾರು ಹೇಳಿಕೆಯಲ್ಲಿ ಈ ಹೆಂಗಸಿನ ಪರಿಚಯವೇ ಇಲ್ಲವೆಂದು ಬರೆಯಲಿ ಎಂಬುದೇ ನನ್ನ ಅಪೇಕ್ಷೆಯಾಗಿತ್ತು, ಹಾಗೆಯೇ ಬರೆದ. ಅನಂತರ ತಾಯಿ ಕಾರ್ಡ್, ಹೆರಿಗೆಯ ಕೇಸ್ ಶೀಟ್, ಹೆರಿಗೆಯ ತಿಂಗಳಲ್ಲಿ ಆತ ಫೋನ್‌ಪೇ ಮೂಲಕ 500, 1,000 ಎಂದು ಕಳುಹಿಸಿದ್ದ ಹಣದ ಬ್ಯಾಂಕ್ ವಿವರ ಇವನ್ನೆಲ್ಲ ಸಾಕ್ಷ್ಯವಾಗಿ ಗುರುತು ಮಾಡಿಸಿ, ಮನೆಯ ಯಜಮಾನಿಯ ಸಾಕ್ಷ್ಯ ಮುಗಿದ ಮೇಲೆ ಪರೀಕ್ಷೆ ಕೇಳಿದೆ. ಪರಿಚಯವಿಲ್ಲದವಳಿಗೆ ಹಣ ಏಕೆ ಹೋಯಿತು ಎಂಬುದಕ್ಕೆ ಆತನಲ್ಲಿ ಉತ್ತರವಿರಲಿಲ್ಲ. ಮದುವೆಯೇ ಇಲ್ಲದ್ದರಿಂದ ಸಾಕ್ಷ್ಯ ಅಧಿನಿಯಮದ 116ನೇ ಕಲಮಿನ ಔರಸತ್ವದ ಊಹೆ, ಅಂದರೆ ಮದುವೆಯಲ್ಲಿ ಹುಟ್ಟಿದ ಮಗು ಗಂಡನದೇ ಎಂಬ ಊಹೆ, ಅಡ್ಡ ಬರಲಿಲ್ಲ, ಮಗುವಿಗೆ ಕಳಂಕ ತಟ್ಟುತ್ತದೆ ಎಂಬ ವಾದಕ್ಕೂ ಬಲ ಉಳಿಯಲಿಲ್ಲ. ಹೊಡೆತ ಬಿದ್ದದ್ದು ಅಲ್ಲಿಯೇ ಎಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಆದೇಶವಾದ ಮೇಲೂ ಆತ ರಕ್ತ ಕೊಡಲು ಬರಲಿಲ್ಲ. 2014ರ ದೀಪನ್ವಿತಾ ರಾಯ್ ತೀರ್ಪನ್ನು ಆಧರಿಸಿ, ಇನ್ನೊಮ್ಮೆ ತಪ್ಪಿಸಿಕೊಂಡರೆ ಆತನೇ ತಂದೆ ಎಂಬ ಪ್ರತಿಕೂಲ ಅನುಮಾನಕ್ಕೆ ಕೋರ್ಟು ಬರಬೇಕೆಂದು ಮೆಮೊ ಹಾಕಿದಾಗ ಬಂದ. ಆದರೆ ಮೊದಲ ಸಲ ಕಳುಹಿಸಿದ ಮಾದರಿ ಪ್ರಯೋಗಾಲಯದಿಂದ ಹಾಗೆಯೇ ಮರಳಿತು. ರಕ್ತ ತೆಗೆದ ಆಸ್ಪತ್ರೆಯವರು ಗುರುತಿನ ನಮೂನೆಯ ಮೇಲಿನ ಭಾವಚಿತ್ರಗಳನ್ನು ದೃಢೀಕರಿಸಿರಲಿಲ್ಲ, ಮೊಹರಿನ ಮಾದರಿಯೂ ಜೊತೆಗಿರಲಿಲ್ಲ. ಮತ್ತೆ ಮೂವರನ್ನೂ ಕರೆಸಿ, ಮತ್ತೆ ತೆಗೆಸಿ ಕಳುಹಿಸುವಷ್ಟರಲ್ಲಿ ನಾಲ್ಕೈದು ತಿಂಗಳು ಹೋದವು. ಎರಡನೆಯ ಸಲ ನಮೂನೆಯ ಪ್ರತಿ ಸಾಲನ್ನೂ ನಾನೇ ನಿಂತು ಓದಿದೆ. ಮಗುವಿನ ಜೈವಿಕ ತಂದೆ ಆತನೇ ಎಂದು ವರದಿ ಬಂತು.

ಹಣದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಪರೀಕ್ಷೆಯ ಶುಲ್ಕ, ಓಡಾಟ ಎಲ್ಲ ಸೇರಿ 18,000 ರೂಪಾಯಿಯ ಆಸುಪಾಸು ಆಯಿತು. ಆತನೇ ಭರಿಸಲಿ ಎಂಬ ಕೋರಿಕೆ ಆ ಹಂತದಲ್ಲಿ ಫಲಿಸಲಿಲ್ಲ. ತಾಯಿ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿದಳು, ಉಳಿದದ್ದನ್ನು ನಾನು ಹಾಕಿದೆ. ಅಂತಿಮ ಆದೇಶದಲ್ಲಿ ಆ ಖರ್ಚನ್ನು ಆತನ ಮೇಲೆ ಹೊರಿಸಲಾಯಿತು. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡುವ 1987ರ ಕಾಯ್ದೆಯ 12ನೇ ಕಲಮನ್ನು ಇಂಥ ತಾಯಂದಿರಿಗೆ ಮೊದಲ ದಿನವೇ ತಿಳಿಸಬೇಕು.

ಮಧ್ಯಂತರ ಜೀವನಾಂಶ ತಿಂಗಳಿಗೆ 2,500 ಆಗಿತ್ತು, ಅಂತಿಮವಾಗಿ 6,000 ಆಯಿತು, ಅದೂ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನಂತೆ ಅರ್ಜಿಯ ದಿನಾಂಕದಿಂದ. ಪಹಣಿ ತಂದೆಯ ಹೆಸರಿನಲ್ಲಿದೆ, ನನಗೇನೂ ಇಲ್ಲ ಎಂದು ಆತ ಆಸ್ತಿ ವಿವರದಲ್ಲಿ ಬರೆದಿದ್ದ. ಭತ್ತ ಮಾತ್ರ ಆತನ ಹೆಸರಿನಲ್ಲೇ ಮಾರಾಟವಾಗಿತ್ತು, ದಲಾಲಿ ಅಂಗಡಿಯ ಪಟ್ಟಿಗಳನ್ನು ಹಾಜರುಪಡಿಸಿದೆವು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದರಿಂದ ಬೆಳೆಯೇ ಬರಲಿಲ್ಲ ಎಂದೂ ವಾದಿಸಿದ. ತಡೆಹಲಗೆ ಇಳಿಸಿದ ಮೇಲೆ ಜಲಾಶಯ ಮತ್ತೆ ತುಂಬಿದ್ದು ಕಾಲುವೆಯ ರೈತರಿಗೆಲ್ಲ ಗೊತ್ತಿದ್ದ ಸಂಗತಿ, ಅದೇ ಹಂಗಾಮಿನ ಪಟ್ಟಿಯೂ ನಮ್ಮ ಕೈಯಲ್ಲಿತ್ತು.

ಆಸ್ತಿಯ ಪಾಲನ್ನು ಕೈಬಿಟ್ಟಿರಿ ಎಂದು ಮಿತ್ರರು ಆಕ್ಷೇಪಿಸುತ್ತಾರೆ. ನಮ್ಮ ರಾಜ್ಯದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಬಂದ ತೀರ್ಪು ಅನೂರ್ಜಿತ (ಕಾನೂನಿನಲ್ಲಿ ಸಿಂಧುವಲ್ಲದ) ಮತ್ತು ಅನೂರ್ಜಿತಗೊಳಿಸಬಹುದಾದ ಮದುವೆಗಳ ಮಕ್ಕಳ ಆಸ್ತಿ ಹಕ್ಕಿನ ಕುರಿತದ್ದು. ಮದುವೆಯ ಶಾಸ್ತ್ರವೇ ನಡೆಯದಿದ್ದಲ್ಲಿ ಅದನ್ನು ನಂಬಿ ಹಾಲಿನ ಹಣವನ್ನು ಪಣಕ್ಕಿಡುವುದು ನನಗೆ ಸರಿಕಾಣುವುದಿಲ್ಲ.

ವಸೂಲಿಯಲ್ಲಿ ಎಚ್ಚರ ಬೇಕು. ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ವಾರಂಟಿನ ದಾರಿ ಮುಚ್ಚುತ್ತದೆ, ಆದ್ದರಿಂದ ನಾನು ನಾಲ್ಕು ತಿಂಗಳಿಗೊಮ್ಮೆ ಹಾಕುತ್ತೇನೆ. ಜೈಲಿಗೆ ಹೋಗಿ ಬಂದರೆ ಸಾಲ ತೀರಿತೆಂದು ಆತನಿಗೆ ಯಾರೋ ಹೇಳಿಕೊಟ್ಟಿದ್ದರು. ಸೆರೆಯಿಂದ ಬಾಕಿ ತೀರುವುದಿಲ್ಲವೆಂಬ ಕುಲದೀಪ್ ಕೌರ್ ತೀರ್ಪಿನ ಪ್ರತಿಯನ್ನು ಆತನ ವಕೀಲರಿಗೆ ಕೊಟ್ಟ ಮೇಲೆ ಕಂತುಗಳು ಆರಂಭವಾದವು. ಮಗು ಶಾಲೆಗೆ ಸೇರುವ ವರ್ಷ 146ನೇ ಕಲಮಿನಡಿ ಮೊತ್ತ ಹೆಚ್ಚಿಸಲು ಕೇಳಲಿದ್ದೇನೆ, ಅದಕ್ಕೆ ಬೇಕಾದ ಪ್ರತಿ ಹಂಗಾಮಿನ ಪಟ್ಟಿಗಳ ನಕಲನ್ನು ಈಗಿನಿಂದಲೇ ಕೂಡಿಡುತ್ತಿದ್ದೇವೆ.