ಹಾರ್ಪ್ ಮತ್ತು ಹಳೆಯ ಪಿಯಾನೊ: ಒಂದು ಧ್ವನಿಮುದ್ರಣದ ಅನುಭವ

1760ರಲ್ಲಿ ಬೊಹೀಮಿಯದಲ್ಲಿ (ಇಂದಿನ ಚೆಕ್ ದೇಶದ ಭಾಗ) ಹುಟ್ಟಿದ ಯಾನ್ ಲಾಡಿಸ್ಲಾವ್ ದುಸೆಕ್ ದೊಡ್ಡ ಪಿಯಾನೊ ವಾದಕ. ಅವನ ತಾಯಿಯೂ, 1792ರಲ್ಲಿ ಲಂಡನ್ನಿನಲ್ಲಿ ಅವನನ್ನು ಮದುವೆಯಾದ ಸೋಫಿಯಾ ಕೋರಿಯೂ ಹಾರ್ಪ್ ಎಂಬ, ಬೆರಳಿಂದ ಮೀಟುವ ತಂತಿವಾದ್ಯವನ್ನು ನುಡಿಸುತ್ತಿದ್ದರು. ಈ ಎರಡು ವಾದ್ಯಗಳಿಗಾಗಿ ಅವನು ಬರೆದ ಕೃತಿಗಳಲ್ಲಿ ಯಾವುದೂ ಬರಿಯ ಪಕ್ಕವಾದ್ಯವಲ್ಲ. ಇಂಗ್ಲೆಂಡಿನ ಹಳ್ಳಿಯೊಂದರ ಚರ್ಚಿನಲ್ಲಿ ಅವನ್ನು ಮುದ್ರಿಸಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಾಗ, ನಾನು ಮೈಕುಗಳಿಗಿಂತ ಮೊದಲು ಯೋಚಿಸಿದ್ದು ಶ್ರುತಿಯ ಬಗ್ಗೆ.

ಆ ಕಾಲದ ಹಾರ್ಪಿನ ತಂತಿಗಳನ್ನು ಪಾಶ್ಚಾತ್ಯ ಸಂಗೀತದ ಇ ಫ್ಲಾಟ್ ಮೇಜರ್ ಸ್ವರಶ್ರೇಣಿ‌ಗೆ ಶ್ರುತಿ ಮಾಡುತ್ತಾರೆ; ಏಳು ಪೆಡಲ್‌ಗಳಲ್ಲಿ ಒಂದನ್ನು ಒತ್ತಿದರೆ ಆ ಸ್ವರದ ತಂತಿಗಳೆಲ್ಲ ಅರ್ಧ ಸ್ವರ ಏರುತ್ತವೆ, ಅಷ್ಟೇ. ಎರಡು ಹಂತ ಏರಿಸುವ ವಿಧಾನಕ್ಕೆ ವಾದ್ಯ ತಯಾರಕ ಸೆಬಾಸ್ಟಿಯನ್ ಎರಾರ್ ಪೇಟೆಂಟ್ ಪಡೆದದ್ದು 1810ರಲ್ಲಿ. ಹೀಗಾಗಿ ಎ ಫ್ಲಾಟ್‌ಗೆ ತನ್ನದೇ ತಂತಿಯಿದ್ದರೆ (ಫ್ಲಾಟ್ ಎಂದರೆ ಅರ್ಧ ಸ್ವರ ತಗ್ಗು, ಶಾರ್ಪ್ ಎಂದರೆ ಅರ್ಧ ಸ್ವರ ಏರು), ಜಿ ಶಾರ್ಪ್ ಬರುವುದು ಜಿ ತಂತಿಯಿಂದ; ಎರಡರ ಶ್ರುತಿ ತುಸು ಬೇರೆಯಾಗಿರಬಹುದು. ಪಿಯಾನೊದಲ್ಲಾದರೋ ಎರಡಕ್ಕೂ ಒಂದೇ ಕೀಲಿ. ಇ ಫ್ಲಾಟ್‌ನಲ್ಲಿರುವ, ಓಪಸ್ 38 ಎಂಬ ಸಂಖ್ಯೆಯ ದುಸೆಕನ ಕೃತಿಗಾಗಿ ಆ ಕೀಲಿಯನ್ನು ಎ ಫ್ಲಾಟ್‌ ಕಡೆಗೇ ವಾಲಿಸಿದೆವು. ಎ ಸ್ವರವನ್ನು 430 ಹರ್ಟ್ಸ್‌ಗೆ ಇಟ್ಟು, ತೇವಕ್ಕೆ ಬೇಗ ಅಲುಗಾಡುವ ಕರುಳಿನ ತಂತಿಗಳು ಚರ್ಚಿನ ಗಾಳಿಗೆ ಒಗ್ಗಿದ ಮೇಲೆಯೇ ಪಿಯಾನೊವನ್ನು ಹಾರ್ಪಿಗೆ ಹೊಂದಿಸಿದೆವು.

ಪಿಯಾನೊ ಇಂಗ್ಲಿಷ್ ಮಾದರಿಯದು, ಸುತ್ತಿಗೆಗಳಿಗೆ ಚರ್ಮದ ಹೊದಿಕೆ. ಬೆರಳೆತ್ತಿದ ಬಳಿಕವೂ ಅದರ ನಾದ ಒಂದಿಷ್ಟು ಉಳಿಯುತ್ತದೆ. ಹಾರ್ಪಿನ ನಾದವನ್ನಂತೂ ವಾದಕಿಯೇ ಅಂಗೈಯಿಂದ ತಡೆಯಬೇಕು. ಎರಡರ ಬಾಲಗಳೂ ಪ್ರತಿಧ್ವನಿಯಲ್ಲಿ ಕಲಸಿಹೋಗದಂತೆ ಕಲ್ಲುನೆಲಕ್ಕೆ ದಪ್ಪ ಜಮಖಾನ ಹಾಸಿ, ವಾದಕರನ್ನು ಎದುರುಬದುರಾಗಿ, ಮುಖ್ಯ ಮೈಕುಗಳ ಜೋಡಿಯಿಂದ ಸುಮಾರು ಎರಡೂವರೆ ಮೀಟರ್ ದೂರದಲ್ಲಿ ಕೂರಿಸಿದೆ. ಹಾರ್ಪಿನಿಂದ ಅರ್ಧ ಮೀಟರ್ ದೂರದಲ್ಲಿ ಇನ್ನೊಂದು ಮೈಕು ಇಟ್ಟಿದ್ದೆ, ಬಹಳ ಕಡಿಮೆ ಮಟ್ಟದಲ್ಲಿ. ಹಾರ್ಪಿನ ನಾದ ಮುಖ್ಯ ಮೈಕುಗಳನ್ನು ತಲುಪಲು ಇನ್ನೂ ಎರಡು ಮೀಟರ್ ಸಾಗಬೇಕು; ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುವುದರಿಂದ ಈ ಹತ್ತಿರದ ಮೈಕಿನ ಸದ್ದನ್ನು ಸುಮಾರು 6 ಮಿಲಿಸೆಕೆಂಡ್ ತಡವಾಗಿಸಿ ಬೆರೆಸಿದಾಗ, ಮೀಟಿನ ಸ್ಪಷ್ಟತೆ ಬಂತು, ಹಾರ್ಪ್ ಮುಂದೆ ನುಗ್ಗಲಿಲ್ಲ.

ಮಿಕ್ಕದ್ದು ಕತ್ತರಿಸಿ ಜೋಡಿಸುವ ಕೆಲಸ. ನಾದ ಸದಾ ಕ್ಷೀಣಿಸುತ್ತಲೇ ಇರುವ ವಾದ್ಯಗಳಲ್ಲಿ, ಇಬ್ಬರೂ ಒಟ್ಟಿಗೆ ಸ್ವರಗುಚ್ಛ ಹಿಡಿಯುವ ಕ್ಷಣದಲ್ಲಿ ಮಾತ್ರ ಕತ್ತರಿ ಆಡಿಸಲು ಸಾಧ್ಯ. ಆದ್ದರಿಂದ ನಿಧಾನಗತಿಯ ಭಾಗವನ್ನು ಇಡಿಯಾಗಿ ನುಡಿಸಿದ ಟೇಕುಗಳಿಂದಲೇ ಆರಿಸಿದೆ. ಪೆಡಲ್‌ಗಳ ಮೆಲುಸದ್ದನ್ನು ಅಳಿಸಲಿಲ್ಲ, ಅದು ಆ ವಾದ್ಯದ್ದೇ.